ಬೀದಿ ಮೊದಲು, ಮನೆ ಆಮೇಲೆ: ಬೆಂಗಳೂರಿನ ಬಡಾವಣೆಗಳ ಚರಿತ್ರೆ

ಬೆಂಗಳೂರಿನ ಯೋಜಿತ ಬಡಾವಣೆಗಳ ಚರಿತ್ರೆ 1890ರ ದಶಕದಿಂದ ಶುರುವಾಗುತ್ತದೆ. 1892ರಲ್ಲಿ ಕೋಟೆಯ ಪಶ್ಚಿಮಕ್ಕೆ ಚಾಮರಾಜಪೇಟೆ ರೂಪುಗೊಂಡಿತು. ಅದೇ ದಶಕದಲ್ಲಿ ದಕ್ಷಿಣಕ್ಕೆ ಬಸವನಗುಡಿ, ವಾಯವ್ಯಕ್ಕೆ ಮಲ್ಲೇಶ್ವರ ಬೆಳೆದವು. ಈ ಬಡಾವಣೆಗಳಲ್ಲಿ ಮನೆ ಕಟ್ಟುವ ಹೊಣೆ ಸೈಟು ಪಡೆದವರದಾಗಿತ್ತು. ಸರ್ಕಾರ ಮಾಡಿದ್ದು ಅದಕ್ಕೂ ಹಿಂದಿನ ಕೆಲಸ: ರಸ್ತೆ, ಚರಂಡಿ, ಹಿತ್ತಿಲ ಗಲ್ಲಿ, ಮಾರುಕಟ್ಟೆ, ಉದ್ಯಾನಗಳಿಗೆ ನಕ್ಷೆಯಲ್ಲಿ ಜಾಗ ಗುರುತಿಸಿ, ಉಳಿದ ನೆಲವನ್ನು ಸೈಟುಗಳಾಗಿ ಹಂಚಿತು. ಎಲ್ಲರದೂ ಆದ ಜಾಗ ಮೊದಲು, ಒಬ್ಬೊಬ್ಬರ ಜಾಗ ಆಮೇಲೆ ಎಂಬ ಈ ಕ್ರಮದ ಮೇಲೆಯೇ ನಗರದ ಮುಂದಿನ ಯೋಜಿತ ಬಡಾವಣೆಗಳು ನಿಂತಿವೆ.

ಇದಕ್ಕೂ ಮುಂಚಿನ ಊರು ಬೇರೆ ಬಗೆಯದು. ಕೆಂಪೇಗೌಡ 1537ರಲ್ಲಿ ಕಟ್ಟಿಸಿದ ಪೇಟೆ ಕಸುಬಿನ ಮೇಲೆ ಬೆಳೆದದ್ದು. ಅರಳೆಪೇಟೆ, ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆಗಳ ಹೆಸರುಗಳೇ ಅಲ್ಲಿನ ವ್ಯಾಪಾರವನ್ನು ತಿಳಿಸುತ್ತವೆ. ಅಂಗಡಿ, ಕಾರ್ಖಾನೆ, ವಾಸದ ಮನೆ ಒಂದೇ ಸೂರಿನಡಿ ಇರುತ್ತಿದ್ದವು. ನೀರಿಗೆ ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಕೆರೆಗಳಿದ್ದವು, ಓಣಿಗಳಲ್ಲಿ ಬಾವಿಗಳಿದ್ದವು. ರೈಲು ಬಂದು ಜನ ಹೆಚ್ಚಿದಂತೆ ಈ ವ್ಯವಸ್ಥೆ ಸೋತಿತು. ಕೆರೆಗೆ ನೀರು ತರುವ ಕಾಲುವೆಗಳು ಹೂಳು ತುಂಬಿದವು, ಬಾವಿಗಳ ಪಕ್ಕದಲ್ಲೇ ಬಚ್ಚಲಗುಂಡಿಗಳು ಬಂದವು. 1876ರಿಂದ 1878ರವರೆಗಿನ ಭೀಕರ ಕ್ಷಾಮವು ಮಳೆಯನ್ನೇ ನೆಚ್ಚಿದ ಊರಿನ ದೌರ್ಬಲ್ಯವನ್ನು ಬಯಲಿಗೆ ತಂದಿತು.

ಆದ್ದರಿಂದ ಮೊದಲ ದೊಡ್ಡ ಹೆಜ್ಜೆ ನೀರಿನದು. ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಹೆಸರಘಟ್ಟದಲ್ಲಿ ಅರ್ಕಾವತಿಗೆ ಕಟ್ಟೆ ಹಾಕಿ, 1896ರಲ್ಲಿ ನಗರಕ್ಕೆ ನೀರು ಹರಿಸಲಾಯಿತು. ಕೆರೆಯ ನೀರು ಇಟ್ಟಿಗೆಯ ಕಾಲುವೆಯಲ್ಲಿ ತಗ್ಗಿನತ್ತ ತಾನಾಗಿ ಹರಿದು ಬರುತ್ತಿತ್ತು. ಸೋಲದೇವನಹಳ್ಳಿಯಲ್ಲಿ ಉಗಿಯಂತ್ರದ ಪಂಪುಗಳು ಅದನ್ನು ಮೇಲೆತ್ತಿ ಮಲ್ಲೇಶ್ವರದ ಎತ್ತರದ ನೆಲಕ್ಕೆ ಮುಟ್ಟಿಸುತ್ತಿದ್ದವು. ಅಲ್ಲಿಂದ ಕೊಳವೆಗಳ ಮೂಲಕ ಬೀದಿ ನಲ್ಲಿಗಳಿಗೆ ಹೋಗುತ್ತಿತ್ತು. ಆ ಯೋಜನೆಗೆ ಚಾಮರಾಜೇಂದ್ರ ಜಲಕಾರ್ಯಾಗಾರ ಎಂದು ಹೆಸರಿಟ್ಟರು. ಕೆರೆ ಬಾವಿಗಳಿಂದ ದೂರದ ಬಯಲಿನಲ್ಲೂ ಜನ ನೆಲೆಸಲು ಸಾಧ್ಯವಾದದ್ದು ಈ ಕೊಳಾಯಿ ನೀರಿನಿಂದ.

ಎರಡನೆಯ ಒತ್ತಡ ರೋಗದಿಂದ ಬಂತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲುಹಾದಿ ಹಿಡಿದು ಹುಬ್ಬಳ್ಳಿಯ ಕಡೆಯಿಂದ 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಕಾಲಿಟ್ಟಿತು. ಇಕ್ಕಟ್ಟಾದ ಪೇಟೆಯಲ್ಲಿ ಅದು ಬೇಗ ಹಬ್ಬಿತು. ಜನ ಮನೆಗೆ ಬೀಗ ಹಾಕಿ ಊರಾಚೆಯ ಗುಡಿಸಲುಗಳಿಗೆ, ಶಿಬಿರಗಳಿಗೆ ಹೋದರು. ಪ್ಲೇಗು ಕಮಿಷನರಾಗಿ ವಿ. ಪಿ. ಮಾಧವರಾವ್ ನೇಮಕಗೊಂಡರು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆಂಬ ಸಂಗತಿ ಆಗಿನ್ನೂ ಸರ್ವಮಾನ್ಯವಾಗಿರಲಿಲ್ಲ. ಕೆಟ್ಟ ಗಾಳಿ, ಕೊಳೆ, ಜನದಟ್ಟಣೆಗಳೇ ರೋಗದ ಮೂಲವೆಂದು ವೈದ್ಯರು ನಂಬಿದ್ದರು. ಆ ನಂಬಿಕೆ ಬಡಾವಣೆಗಳ ನಕ್ಷೆಯಲ್ಲಿ ಅಚ್ಚೊತ್ತಿದೆ: ಅಗಲವಾದ ನೇರ ರಸ್ತೆಗಳು, ಮನೆಯ ಸುತ್ತ ತೆರವಿನ ಜಾಗ, ಗಾಳಿ ಬೆಳಕಿಗೆ ಕಿಟಕಿಗಳು. ಬಸವನಗುಡಿಗೆ ಸುಮಾರು 440 ಎಕರೆ, ಮಲ್ಲೇಶ್ವರಕ್ಕೆ ಸುಮಾರು 291 ಎಕರೆ ನೆಲ ಸಂದಿತು. ಪ್ಲೇಗಿಗೆ ಮುಂಚೆಯೇ ಯೋಚಿಸಿದ್ದ ಈ ಬಡಾವಣೆಗಳಿಗೆ ಪ್ಲೇಗಿನ ಭಯ ಜನರನ್ನು ಕರೆತಂದಿತು.

ಎರಡೂ ಬಡಾವಣೆಗಳು ಹಳೆಯ ನೆಲೆಗಳನ್ನು ಒಳಗೊಂಡೇ ಹರಡಿದವು. ಮಲ್ಲೇಶ್ವರದ ನಡುವೆ 17ನೆಯ ಶತಮಾನದ ಕಾಡುಮಲ್ಲೇಶ್ವರ ದೇವಾಲಯವಿತ್ತು. ಬಸವನಗುಡಿಯಲ್ಲಿ ದೊಡ್ಡ ಬಸವಣ್ಣನ ಗುಡಿಯೂ ಕಾರ್ತಿಕ ಮಾಸದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆಯೂ ಇದ್ದವು. ಹೊಸ ರಸ್ತೆ ಬಂದ ಮೇಲೂ ರೈತರು ಹೊಸ ಫಸಲಿನ ಕಡಲೆಕಾಯಿಯನ್ನು ಅದೇ ಜಾಗಕ್ಕೆ ತಂದು ಸುರಿಯುವುದನ್ನು ಬಿಡಲಿಲ್ಲ. ರಸ್ತೆಯನ್ನು ಓಡಾಟಕ್ಕೂ ಜಾತ್ರೆಗೂ ಬಳಸುವ ರೂಢಿ ಹೀಗೆ ಉಳಿಯಿತು. ಆದರೆ ನಕ್ಷೆಯ ಸಮಾನತೆಗೆ ಮಿತಿಯೂ ಇತ್ತು. ಸೈಟು ಹಂಚುವಾಗ ಜಾತಿ ಸಮುದಾಯಗಳ ಎಣಿಕೆ ನಡೆಯಿತು, ಸೈಟು ಕೊಂಡು ಮನೆ ಕಟ್ಟುವ ಶಕ್ತಿ ಹೆಚ್ಚಾಗಿ ಅಧಿಕಾರಿ, ವಕೀಲ, ಅಧ್ಯಾಪಕ, ವರ್ತಕ ಕುಟುಂಬಗಳಿಗಿತ್ತು.

ಈ ಅಸಮತೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಹಿತ್ತಿಲ ಗಲ್ಲಿಯಲ್ಲಿ. ಬೆನ್ನಿಗೆ ಬೆನ್ನು ಕೊಟ್ಟ ಎರಡು ಸಾಲು ಮನೆಗಳ ನಡುವೆ ಒಂದು ಕಿರುದಾರಿ ಬಿಡುತ್ತಿದ್ದರು. ಕನ್ಸರ್ವೆನ್ಸಿ ಲೇನ್ ಎಂದು ಇಂದಿಗೂ ಕರೆಯುವುದು ಇದನ್ನೇ. ಆಗ ನೆಲದಡಿಯ ಒಳಚರಂಡಿ ಇರಲಿಲ್ಲ. ಕಕ್ಕಸುಗಳು ಹಿತ್ತಿಲ ಗೋಡೆಗೆ ಅಂಟಿಕೊಂಡಿರುತ್ತಿದ್ದವು, ಪೌರಕಾರ್ಮಿಕರು ಆ ಗಲ್ಲಿಯಿಂದಲೇ ಬಂದು ಮಲವನ್ನು ತುಂಬಿಕೊಂಡು ಹೋಗಬೇಕಿತ್ತು. ಬೀದಿಯ ಮುಂಭಾಗದ ಶುಚಿತ್ವ ನಿಂತಿದ್ದುದು ಹಿಂಭಾಗದ ಈ ಜನರ ದುಡಿಮೆಯ ಮೇಲೆ. ದಲಿತ ಸಮುದಾಯಗಳ ಮೇಲೆಯೇ ಹೇರಿದ್ದ ಈ ಕೆಲಸ ಬಡಾವಣೆಯ ಚರಿತ್ರೆಯ ಬಹುದೊಡ್ಡ ಅನ್ಯಾಯ. ಒಳಚರಂಡಿಯ ಕೆಲಸ 1920ರ ದಶಕದಲ್ಲಿ ಶುರುವಾದರೂ ಎಲ್ಲೆಡೆ ತಲುಪಲು ದಶಕಗಳು ಹಿಡಿದವು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದ್ದು 1970ರ ದಶಕದಲ್ಲಿ, ದೇವರಾಜ ಅರಸು ಸರ್ಕಾರದ ಸಚಿವ ಬಿ. ಬಸವಲಿಂಗಪ್ಪನವರು. ಮೂಲ ಉದ್ದೇಶ ತೀರಿದ ಮೇಲೆ ಕೆಲವು ಗಲ್ಲಿಗಳು ಒತ್ತುವರಿಯಾದವು, ಕೆಲವು ಕಸದ ಜಾಗವಾದವು. ಮಲ್ಲೇಶ್ವರದಲ್ಲಿ ಕೆಲವನ್ನು ಚೊಕ್ಕಟಗೊಳಿಸಿ, ಗೋಡೆಗಳಿಗೆ ಚಿತ್ರ ಬರೆದು ನಡೆದಾಡುವ ದಾರಿಯಾಗಿ ಮತ್ತೆ ತೆರೆಯಲಾಗಿದೆ.

ದಂಡು ಪ್ರದೇಶವೂ ಇದೇ ಪಾಠ ಕಲಿಯಿತು. ಬ್ರಿಟಿಷ್ ಆಡಳಿತದಲ್ಲಿದ್ದ ಆ ಭಾಗದಲ್ಲಿ 1906ರಿಂದ 1910ರ ನಡುವೆ ಫ್ರೇಜರ್ ಟೌನ್ ಬೆಳೆಯಿತು. ಅಷ್ಟರಲ್ಲಿ ಇಲಿಯ ಪಾತ್ರ ತಿಳಿದುಬಂದಿತ್ತು. ಮುನಿಸಿಪಲ್ ಎಂಜಿನಿಯರ್ ಜೆ. ಎಚ್. ಸ್ಟೀಫನ್ಸ್ ಇಲಿ ಸೇರದಂಥ ಮನೆಗಳ ಮಾದರಿ ರೂಪಿಸಿ, ಪ್ಲೇಗು ತಡೆಯುವ ನಗರ ಯೋಜನೆಯ ಕುರಿತು 1914ರಲ್ಲಿ ಪುಸ್ತಕವನ್ನೂ ಪ್ರಕಟಿಸಿದರು.

ನೀರು, ನೈರ್ಮಲ್ಯಗಳ ಬಳಿಕ ಬೆಳಕು ಬಂತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ವಿದ್ಯುತ್ತು, 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿ ದೀಪಗಳನ್ನು ಬೆಳಗಿತು. ಮರಗಳನ್ನೂ ಸಾರ್ವಜನಿಕ ಸೌಕರ್ಯವೆಂದೇ ಎಣಿಸಿದರು. 1908ರಲ್ಲಿ ಇಲ್ಲಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಜಿ. ಎಚ್. ಕ್ರುಂಬಿಗೆಲ್, ವರ್ಷವಿಡೀ ಒಂದಲ್ಲ ಒಂದು ಬೀದಿಯಲ್ಲಿ ಹೂ ಇರುವಂತೆ ಜಾತಿಗಳನ್ನು ಆರಿಸಿ ಸಾಲುಮರ ನೆಡಿಸಿದರು. ಸಂಸ್ಥೆಗಳನ್ನು ಮಾತ್ರ ನಿವಾಸಿಗಳೇ ಕಟ್ಟಿಕೊಂಡರು. ಬಸವನಗುಡಿಯಲ್ಲಿ 1917ರಲ್ಲಿ ನ್ಯಾಷನಲ್ ಹೈಸ್ಕೂಲು, 1945ರಲ್ಲಿ ಡಿ. ವಿ. ಗುಂಡಪ್ಪನವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಹುಟ್ಟಿದವು. ರಸ್ತೆ ನಲ್ಲಿಗಳನ್ನು ಸರ್ಕಾರ ಕೊಡಬಲ್ಲದು. ಶಾಲೆ, ಗ್ರಂಥಾಲಯ, ಚರ್ಚಾಕೂಟಗಳಿಗೆ ಜನರ ಶ್ರಮವೂ ದಾನವೂ ಬೇಕು ಎಂಬುದನ್ನು ಇವು ತೋರಿಸಿಕೊಟ್ಟವು.

ಬಡಾವಣೆ ಮಾಡುವ ಕೆಲಸಕ್ಕೇ ಮೀಸಲಾದ ಸಂಸ್ಥೆ ಮೈಸೂರಿನಲ್ಲಿ 1903ರಲ್ಲೇ ಬಂದಿತ್ತು. ಬೆಂಗಳೂರಿನ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಸ್ಥಾಪನೆಯಾದದ್ದು 1945ರಲ್ಲಿ. 1948ರಲ್ಲಿ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರು ಜಯನಗರಕ್ಕೆ ಅಡಿಗಲ್ಲಿಟ್ಟರು. ಅದು ಬ್ಲಾಕುಗಳಾಗಿ ಬೆಳೆಯಿತು. ಬಡಾವಣೆಯ ನಡುವೆ ನಾಲ್ಕನೇ ಬ್ಲಾಕಿನ ವ್ಯಾಪಾರ ಸಂಕೀರ್ಣವೂ ಬಸ್ ನಿಲ್ದಾಣವೂ ಬಂದವು. ಹೆಸರಘಟ್ಟಕ್ಕೆ ಜೊತೆಯಾಗಿ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂದಿತ್ತು. ಅದೂ ಸಾಲದಾದಾಗ 1964ರಲ್ಲಿ ಜಲಮಂಡಳಿ ಸ್ಥಾಪನೆಯಾಗಿ, 1974ರಲ್ಲಿ ಕಾವೇರಿ ನೀರು ನಗರ ಸೇರಿತು. 1976ರಲ್ಲಿ ವಿಶ್ವಸ್ತ ಮಂಡಳಿಯ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದಿತು.

ನೆಲದ ಬೆಲೆ ಏರಿದಂತೆ ನಕ್ಷೆಯಲ್ಲಿ ಖಾಲಿ ಬಿಟ್ಟ ಜಾಗಗಳ ಮೇಲೆ ಕಣ್ಣು ಬಿತ್ತು. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟಾಗ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಹೈಕೋರ್ಟು ಆ ಹಂಚಿಕೆಯನ್ನು ರದ್ದು ಮಾಡಿತು, 1991ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆಸ್ಪತ್ರೆಯೂ ಉಪಯುಕ್ತವೇ, ಆದರೆ ಎಲ್ಲರ ಉದ್ಯಾನವನ್ನು ಖಾಸಗಿ ಸಂಸ್ಥೆಯ ಕೈಗೆ ಕೊಡುವ ಅಧಿಕಾರ ಯಾರಿಗೂ ಇಲ್ಲ. ಅಂಥ ಹಂಚಿಕೆಯನ್ನು ಪ್ರಶ್ನಿಸುವ ಹಕ್ಕು ನಿವಾಸಿಗಳಿಗಿದೆ ಎಂಬುದು ತೀರ್ಪಿನ ಸಾರ. 1985ರ ರಾಜ್ಯದ ಕಾಯಿದೆಯೊಂದು ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಗೆಂದೇ ಬಂದಿತ್ತು. ಒಂದೇ ಕಟ್ಟಡದೊಳಗಿನ ಹಂಚಿಕೆಗೂ ಕಾನೂನಿದೆ: ಅಪಾರ್ಟ್‌ಮೆಂಟುಗಳ ಮೆಟ್ಟಿಲು, ಲಿಫ್ಟು, ಅಂಗಳಗಳಂಥ ಸಾಮಾನ್ಯ ಭಾಗಗಳಲ್ಲಿ ಪ್ರತಿ ಮಾಲೀಕನ ಪಾಲನ್ನು 1972ರ ಕಾಯಿದೆ ನಿರ್ಧರಿಸುತ್ತದೆ.

ಹೀಗೆ ಒಂದು ಶತಮಾನದಲ್ಲಿ ಬಡಾವಣೆಯ ಹಂಚಿಕೆಯ ಸೌಕರ್ಯ ಅರಮನೆಯ ಕೊಡುಗೆಯಿಂದ ನಾಗರಿಕನ ಹಕ್ಕಾಗಿ ಬದಲಾಯಿತು. ನಕ್ಷೆಯಲ್ಲಿ ಮೊದಲು ಎಳೆದ ಗೆರೆಗಳಿಗೆ ಈಗ ಕಾನೂನಿನ ಬಲವಿದೆ. ಆ ಬಲ ಬಳಕೆಗೆ ಬರುವುದು, ರಾಜಮಹಲ್ ವಿಲಾಸದಲ್ಲಿ ಆದಂತೆ, ನಿವಾಸಿಗಳು ಅದನ್ನು ಕೇಳಿದಾಗ.