ಭಯದಲ್ಲಿ ಸುಖವೇಕೆ?

ಭಯವೆಂಬುದು ಯಾರಿಗೂ ಬೇಡದ ವಸ್ತು. ಹಾವನ್ನು ಕಂಡರೆ ಹಿಮ್ಮೆಟ್ಟುತ್ತೇವೆ. ಕತ್ತಲಲ್ಲಿ ಸದ್ದಾದರೆ ದೀಪವನ್ನು ಹುಡುಕುತ್ತೇವೆ. ಹೀಗಿದ್ದೂ ರಾತ್ರಿ ಊಟವಾದ ಮೇಲೆ ದೆವ್ವದ ಕಥೆ ಹೇಳೆಂದು ಅಜ್ಜಿಯನ್ನು ಕಾಡಿದವರು ನಾವೇ. ಹಣ ತೆತ್ತು ಚಿತ್ರಮಂದಿರದಲ್ಲಿ ಬೆಚ್ಚಿಬಿದ್ದು ಬಂದವರೂ ನಾವೇ. ಬೇಡದುದನ್ನು ಹೀಗೆ ಬೇಡಿ ಪಡೆಯುವುದೇಕೆ? ಈ ಪ್ರಶ್ನೆಗೆ ಉತ್ತರವನ್ನು ಬಹು ದೂರ ಅರಸಬೇಕಾಗಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಬುಕ್ಕಾಂಬುಧಿಯ ಸುತ್ತಣ ಸೀಮೆಯನ್ನು ಒಮ್ಮೆ ನೋಡಿ ಬರೋಣ.

ಮೊದಲು ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಗ ಅಜ್ಜಂಪುರ ತಾಲ್ಲೂಕಿನಲ್ಲಿರುವ ಊರು ಇದು. ಇಲ್ಲಿಂದ ಬೀರೂರು, ಕಡೂರುಗಳವರೆಗಿನ ಸೀಮೆಯಲ್ಲಿ ವೀರಗಾಸೆಯ ಕುಣಿತವನ್ನು ಕಾಣದೆ ಬೆಳೆದ ಮಕ್ಕಳು ವಿರಳ. ತಲೆಯ ಮೇಲೆ ಬಿಳಿಯ ಚವರಿಯ ಜಟೆ, ಹಣೆಯಲ್ಲಿ ವಿಭೂತಿ, ಎಡಗೈಯಲ್ಲಿ ವೀರಭದ್ರನ ಮೂರ್ತಿಯುಳ್ಳ ಮರದ ಹಲಗೆ, ಬಲಗೈಯಲ್ಲಿ ಹಿರಿದ ಕತ್ತಿ. ಕರಡೆ ಸಂಬಾಳಗಳ ಬಡಿತ ಎದೆಗೆ ತಾಗುತ್ತಿರಲು ಮುಂದಾಳು ದಕ್ಷಯಜ್ಞದ ಒಡಪನ್ನು ಗರ್ಜಿಸಿ ಹೇಳುತ್ತಾನೆ. ಶಿವನ ಜಟೆಯಿಂದ ವೀರಭದ್ರನು ಹುಟ್ಟುತ್ತಾನೆ, ಯಜ್ಞಶಾಲೆ ಹಾಳಾಗುತ್ತದೆ, ದಕ್ಷನ ತಲೆ ಉರುಳುತ್ತದೆ. ಮಕ್ಕಳು ತಾಯಿಯ ಸೆರಗಿನ ಹಿಂದೆ ಅಡಗುತ್ತಾರೆ. ಅಡಗಿದವರು ಕಣ್ಣು ಮುಚ್ಚಿಕೊಂಡಿರುತ್ತಾರೆಯೇ? ಇಲ್ಲ, ಸೆರಗಿನ ಅಂಚಿನಿಂದ ಇಣುಕುತ್ತಾರೆ. ನಮ್ಮ ಪ್ರಶ್ನೆಯೆಲ್ಲ ಆ ಇಣುಕುನೋಟದಲ್ಲಿದೆ.

ಆ ಮಗುವಿಗೆ ಮೂರು ಸಂಗತಿಗಳು ತಿಳಿದಿವೆ. ತಾಯಿ ಹತ್ತಿರದಲ್ಲಿಯೇ ಇದ್ದಾಳೆ. ಕತ್ತಿ ತನ್ನ ಕಡೆಗೆ ಬೀಸಿದುದಲ್ಲ. ಕಥೆಗೆ ಕೊನೆಯುಂಟು: ದಕ್ಷನಿಗೆ ಟಗರಿನ ತಲೆ ಬರುತ್ತದೆ, ಕೋಪ ಇಳಿಯುತ್ತದೆ, ವಾದ್ಯ ನಿಲ್ಲುತ್ತದೆ, ಕುಣಿದವನು ಜಟೆಯನ್ನು ತೆಗೆದಿಟ್ಟು ನೀರು ಕೇಳುತ್ತಾನೆ. ಒಡನಾಡಿಗಳು, ಅಂತರ, ಅಂತ್ಯ ಎಂಬ ಈ ಮೂರು ಬೇಲಿಗಳೊಳಗೆ ನಿಂತ ಭಯವೇ ರುಚಿಸುವ ಭಯವೆಂದು ನಮಗೆ ತೋರುತ್ತದೆ.

ಇದೇ ಸೀಮೆಯಲ್ಲಿ, ತರೀಕೆರೆಯ ಸಮೀಪದ ಅಮೃತಾಪುರದಲ್ಲಿ, ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯವಿದೆ. ಅಲ್ಲಿಯ ಶಾಸನವನ್ನು ರಚಿಸಿದವನು ಜನ್ನಕವಿ. ಅವನೇ 1209ರಲ್ಲಿ ‘ಯಶೋಧರ ಚರಿತೆ’ಯನ್ನು ಬರೆದನು. ಆ ಕಾವ್ಯದ ಮೊದಲಲ್ಲಿ ಬರುವ ಚಂಡಮಾರಿಯ ಗುಡಿ ಕನ್ನಡದ ಭಯಾನಕ ವರ್ಣನೆಗಳಲ್ಲಿ ಹೆಸರಾದುದು. ಮಾರಿದತ್ತ ರಾಜನು ಜೀವಿಗಳನ್ನು ಜೋಡಿಜೋಡಿಯಾಗಿ ಬಲಿಗೊಡುವ ಆ ಸ್ಥಳಕ್ಕೆ ಅಣ್ಣತಂಗಿಯರಿಬ್ಬರನ್ನು ಹಿಡಿದು ತರುತ್ತಾರೆ. ಅವರ ಹೆಸರುಗಳನ್ನು ಗಮನಿಸಬೇಕು: ಅಭಯರುಚಿ, ಅಭಯಮತಿ. ಗುಡಿಯ ಘೋರವನ್ನು ಕಂಡು ಓದುಗನು ನಡುಗುತ್ತಿರುವಾಗ ಬಲಿಯಾಗಬೇಕಾದ ಮಕ್ಕಳೇ ನಡುಗದೆ ನಿಂತಿದ್ದಾರೆ. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟುದರಿಂದ ಜನ್ಮಜನ್ಮಾಂತರಗಳಲ್ಲಿ ತಾವು ಪಟ್ಟ ಪಾಡನ್ನು ಅವರು ಹೇಳಿ ಮುಗಿಸುವ ಹೊತ್ತಿಗೆ ರಾಜನು ಕೊಲೆಯಲ್ಲಿ ಹೇಸಿದ್ದಾನೆ. ಜನ್ನನು ಭಯವನ್ನು ಕಾವ್ಯದ ಹೊಸ್ತಿಲಲ್ಲಿ ನಿಲ್ಲಿಸಿ, ನಮ್ಮನ್ನು ಅದನ್ನು ದಾಟಿಸಿ ಕರುಣೆಯ ಕಡೆಗೆ ಕರೆದೊಯ್ಯುತ್ತಾನೆ.

ಶಾಸ್ತ್ರಕಾರರು ಇದನ್ನು ಮೊದಲೇ ಆಲೋಚಿಸಿದ್ದರು. ಭರತನ ನಾಟ್ಯಶಾಸ್ತ್ರವು ಭಯಾನಕವನ್ನೂ ರಸಗಳಲ್ಲಿ ಎಣಿಸಿತು. ಕ್ರಿ. ಶ. 1000ದ ಸುಮಾರಿನಲ್ಲಿ ಕಾಶ್ಮೀರದಲ್ಲಿದ್ದ ಅಭಿನವಗುಪ್ತನು ಅದರ ವ್ಯಾಖ್ಯಾನದಲ್ಲಿ ‘ಶಾಕುಂತಲ’ದ ಜಿಂಕೆಯನ್ನು ಉದಾಹರಿಸಿದನು. ದುಷ್ಯಂತನ ಬಾಣಕ್ಕೆ ಹೆದರಿ, ಕೊರಳು ತಿರುಗಿಸಿ ನೋಡುತ್ತ ಓಡುವ ಜಿಂಕೆ ಅದು. ಸಹೃದಯನಿಗೆ ಅಲ್ಲಿ ತೋರುವುದು ‘ನಾನು ಹೆದರಿದೆ’ ಎಂಬ ಭಯವಲ್ಲ, ‘ಇವನು ಹೆದರಿದ’ ಎಂಬ ಭಯವೂ ಅಲ್ಲ. ದೇಶಕಾಲಗಳ ಕಟ್ಟು ಕಳಚಿದ ಭಯವೇ ತಾನಾಗಿ ಕಣ್ಣೆದುರು ನಿಲ್ಲುತ್ತದೆ. ನಮ್ಮದೆಂಬ ಭಯದಿಂದ ದುಃಖ ಹುಟ್ಟುತ್ತದೆ. ಯಾರದೂ ಅಲ್ಲದ ಭಯದಿಂದ ರಸ ಹುಟ್ಟುತ್ತದೆ. ನಿಜವಾದ ಹೆಣವನ್ನು ನೋಡಲಾರದವನು ಅದರ ಚಿತ್ರವನ್ನು ನೋಡಿ ಸಂತೋಷಪಡುವನೆಂದು ಗ್ರೀಸಿನ ಅರಿಸ್ಟಾಟಲನೂ ಹೇಳಿದ್ದಾನೆ.

ಈಚಿನ ವಿಜ್ಞಾನವು ಇದನ್ನು ಅಳೆದೂ ನೋಡಿದೆ. ಡೆನ್ಮಾರ್ಕಿನಲ್ಲಿ ಹಣ ಪಡೆದು ಹೆದರಿಸುವ ಭೂತದ ಮನೆಯೊಂದಕ್ಕೆ ಬಂದ 110 ಜನರ ಎದೆಬಡಿತವನ್ನು ಸಂಶೋಧಕರು ಯಂತ್ರದಿಂದ ಗುರುತಿಸಿ, ಫಲಿತಾಂಶವನ್ನು 2020ರಲ್ಲಿ ಪ್ರಕಟಿಸಿದರು. ಭಯ ತೀರ ಕಡಿಮೆಯಾದರೆ ಸುಖವಿಲ್ಲ, ತೀರ ಹೆಚ್ಚಾದರೂ ಸುಖವಿಲ್ಲ; ನಡುವಣ ಹದದಲ್ಲಿಯೇ ಸುಖವೆಂದು ಅವರಿಗೆ ಕಂಡುಬಂತು. ಸಾರಿಗೆ ಉಪ್ಪು ಹಾಕುವವರಿಗೆ ಈ ಲೆಕ್ಕ ಹೊಸದಲ್ಲ.

ಬೇಲಿ ಮುರಿದಾಗ ಏನಾಗುವುದೆಂಬುದನ್ನೂ ನಮ್ಮ ನಾಡು ಕಂಡಿದೆ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂದಾಗ ಜನರು ಮನೆಗಳನ್ನು ತೊರೆದು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಆ ಭಯಕ್ಕೆ ಅಂತರವಿರಲಿಲ್ಲ. ಕೊನೆ ಎಂದೆಂದು ತಿಳಿದಿರಲಿಲ್ಲ. ಪಕ್ಕದವನನ್ನು ಮುಟ್ಟಲೂ ಅಂಜಿಕೆ. ಅದರಲ್ಲಿ ಯಾರೂ ರುಚಿ ಕಾಣಲಿಲ್ಲ. 1990ರ ದಶಕದಲ್ಲಿ ಬೆಂಗಳೂರು ಮೊದಲಾದೆಡೆಗಳಲ್ಲಿ ಹಬ್ಬಿದ ವದಂತಿಯನ್ನು ಅನೇಕರು ಬಲ್ಲರು. ಹೆಣ್ಣು ದೆವ್ವವೊಂದು ಪರಿಚಿತ ದನಿಯಲ್ಲಿ ಕರೆದು ಕದ ತಟ್ಟುವುದೆಂದು ಜನ ನಂಬಿದರು; ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವ ಓದಿಕೊಂಡು ಹಿಂದಿರುಗಬೇಕು. ಮರುದಿನ ಬಂದರೂ ಅದೇ ಬರಹ. ಬೇಲಿಯಿಲ್ಲದ ಭಯಕ್ಕೆ ಜನರು ಸೀಮೆಸುಣ್ಣದಿಂದ ತಾವೇ ಬೇಲಿ ಬರೆದುಕೊಂಡ ಬಗೆ ಇದು. ಆ ಕಥೆಯನ್ನೇ ಆಧರಿಸಿ 2018ರಲ್ಲಿ ‘ಸ್ತ್ರೀ’ ಎಂಬ ಹಿಂದೀ ಚಿತ್ರ ಬಂದಾಗ ಜನರು ನಗುತ್ತ ಹೆದರಿದರು.

ಆದುದರಿಂದ ಭಯದ ವಿನೋದವನ್ನು ಕೀಳೆಂದು ಹಳಿಯುವುದು ಸಲ್ಲದು. ಅದಕ್ಕೆ ಬೇಲಿ ಉಂಟೋ ಇಲ್ಲವೋ ಎಂದು ಕೇಳುವುದು ಸಲ್ಲುತ್ತದೆ. ತೊಡೆಯ ಮೇಲೆ ಕೂರಿಸಿಕೊಂಡು ರಾಕ್ಷಸನ ಕಥೆ ಹೇಳುವ ಅಜ್ಜಿಯೂ, ಉಣ್ಣದಿದ್ದರೆ ಗುಮ್ಮನಿಗೆ ಕೊಡುವೆನೆಂದು ಗದರಿಸುವ ನಾವೂ ಹೇಳುವುದು ಒಂದೇ ಭಯವನ್ನಲ್ಲ. ಮೊದಲನೆಯದನ್ನು ಮಗು ತಾನೇ ಬೇಡಿ ಪಡೆಯುತ್ತದೆ, ಸಾಕೆಂದಾಗ ನಿಲ್ಲಿಸಬಲ್ಲುದು. ಎರಡನೆಯದರಲ್ಲಿ ನಾವು ಭಯದಿಂದ ಮಗುವನ್ನು ಆಳುತ್ತೇವೆ. ರಾತ್ರಿ ದೀಪ ಆರಿದ ಮೇಲೂ ಆ ಗುಮ್ಮ ಮೂಲೆಯಲ್ಲಿ ಕುಳಿತಿರುತ್ತದೆ. ವೀರಗಾಸೆಯವನು ಕುಣಿತ ಮುಗಿದೊಡನೆ ಜಟೆಯನ್ನು ತೆಗೆದಿಡುತ್ತಾನೆ. ಹೆದರಿದ ಮಗು ಹತ್ತಿರ ಬಂದು ಅವನ ಗೆಜ್ಜೆಯನ್ನು ಮುಟ್ಟಿ ನೋಡುತ್ತದೆ. ನಾವು ಹೆದರಿಸಿದ ಮಕ್ಕಳಿಗೂ ಹಾಗೆ ಮುಟ್ಟಿ ನೋಡುವ ಅವಕಾಶವನ್ನು ಕೊಡೋಣ.