ಹಿರಿಯರ ನೆನಪಿನ ಕಲ್ಲುಗಳು: ಹಳೆಯ ಯಹೂದಿ ಸ್ಮಶಾನ, ಪ್ರಾಗ್

ಒತ್ತೊತ್ತಾಗಿ, ಒಂದರ ಮೇಲೊಂದು ವಾಲಿಕೊಂಡು ನಿಂತಿರುವ ಇವು ಪ್ರಾಗ್ ನಗರದ ಯಹೂದಿ ಮನೆತನಗಳ ಸಮಾಧಿ ಕಲ್ಲುಗಳು. ಸುಮಾರು 12,000 ಇವೆ. ಅತಿ ಹಳೆಯದು 1439ರದು. ರಬ್ಬಿಯೂ (ಯಹೂದಿ ಧರ್ಮಗುರು) ಕವಿಯೂ ಆಗಿದ್ದ ಅವಿಗ್ದೋರ್ ಕಾರಾ ಅವರದು. 1787ರ ನಂತರ ಇಲ್ಲಿ ಯಾರನ್ನೂ ಮಣ್ಣು ಮಾಡಿಲ್ಲ.

ಸಮಾಧಿ ಕೆದಕುವುದು ಯಹೂದಿ ಧರ್ಮಕ್ಕೆ ಒಪ್ಪಿಗೆಯಲ್ಲ. ಜಾಗ ಸಾಲದಾದಾಗ ಹಳೆಯ ಗೋರಿಗಳ ಮೇಲೆ ಮಣ್ಣು ಹೇರಿ ಹೊಸಬರನ್ನು ಹೂಳಿದರು, ಹಳೆಯ ಕಲ್ಲುಗಳನ್ನು ಮೇಲೆತ್ತಿ ನಿಲ್ಲಿಸಿದರು. ಹೀಗಾಗಿ ಬೇರೆ ಬೇರೆ ತಲೆಮಾರಿನವರು ಇಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದಾರೆ.

ಮೊದಲಿನ ಕಲ್ಲುಗಳು ಮರಳುಗಲ್ಲಿನವು. ಅಮೃತಶಿಲೆ ಆಮೇಲೆ ಬಂತು. ಬರಹ ಹೀಬ್ರೂ ಭಾಷೆಯಲ್ಲಿದೆ: ತೀರಿಕೊಂಡವರ ಹೆಸರು, ತಂದೆಯ ಹೆಸರು, ಯಹೂದಿ ಪಂಚಾಂಗದ ತಿಥಿ, ನಂತರ ಅವರ ಗುಣಗಾನ. ಆ ತಿಥಿ ಮನೆಯವರಿಗೆ ಬೇಕೇ ಬೇಕು. ಪ್ರತಿವರ್ಷ ಅದೇ ದಿನ ದೀಪ ಹಚ್ಚಿ, ಮಗನು ತಂದೆಗಾಗಿ ಕದ್ದಿಶ್ ಪ್ರಾರ್ಥನೆ ಹೇಳುತ್ತಾನೆ.

ಕಲ್ಲಿನ ನೆತ್ತಿಯ ಭಾಗವನ್ನು ಗಮನಿಸಿ. ಹೆಬ್ಬೆರಳು ಕೂಡಿಸಿ ಬೆರಳು ಅಗಲಿಸಿದ ಎರಡು ಕೈಗಳಿದ್ದರೆ ಅವರು ಪುರೋಹಿತ ವಂಶದ ಕೊಹೆನ್. ಹಬ್ಬದ ದಿನ ಸಭೆಯನ್ನು ಹರಸುವ ಕೈಗಳವು. ಹೂಜಿ ಇದ್ದರೆ ಲೇವಿಯ ವಂಶದವರು. ಹರಸುವ ಮುನ್ನ ಆ ಕೈಗಳಿಗೆ ನೀರೆರೆಯುವವರು.

ಹೆಚ್ಚು ಜನ ಸೇರುವುದು 1609ರಲ್ಲಿ ತೀರಿಕೊಂಡ ಮಹಾಪಂಡಿತ ರಬ್ಬಿ ಲೋವ್ ಅವರ ಸಮಾಧಿಯ ಬಳಿ. ಪತ್ನಿ ಪರ್ಲ್ ಕೂಡ ಅದೇ ಸಮಾಧಿಯಲ್ಲಿದ್ದಾರೆ.

ಕಲ್ಲುಗಳ ಮೇಲೆ ಕಾಣುವ ಹರಳುಗಳು ಬಂದವರು ಗೌರವದಿಂದ ಇಟ್ಟುಹೋದವು. ದಯವಿಟ್ಟು ಅವನ್ನು ಕದಲಿಸಬೇಡಿ.