ಬೇಗಂ ಬಜಾರ್: ಕೊಡುಗೆಯಿಂದ ಮತದವರೆಗೆ

ಹೈದರಾಬಾದಿನ ಬೇಗಂ ಬಜಾರ್ ಹುಟ್ಟಿದ್ದೇ ಅರಮನೆಯ ಕೊಡುಗೆಯಿಂದ. ಎರಡನೆಯ ನಿಜಾಮನಾದ ನಿಜಾಮ್ ಅಲಿ ಖಾನನ ಪತ್ನಿ ಹಮ್ದಾ ಬೇಗಂ ಈ ನೆಲವನ್ನು ವರ್ತಕರಿಗೆ ಬಿಟ್ಟುಕೊಟ್ಟಳೆಂದು ಹೇಳುತ್ತಾರೆ. ಮಾರ್ವಾಡಿಗಳೂ ಗೋಸಾಯಿಗಳೂ ಇಲ್ಲಿ ಸಗಟು ವ್ಯಾಪಾರ, ಲೇವಾದೇವಿ ನಡೆಸಿದರು. 19ನೇ ಶತಮಾನದಲ್ಲಿ ನಿಜಾಮರ ಸರ್ಕಾರವೇ ಇಂಥ ಸಾಹುಕಾರರಿಂದ ಸಾಲ ಎತ್ತುತ್ತಿತ್ತು. ಸಾಲ ಕೊಟ್ಟವರಿಗೆ ದರ್ಬಾರಿನಲ್ಲಿ ಮಾತು ನಡೆಯುತ್ತಿತ್ತು. ಆದರೆ ಅದು ಹಕ್ಕಾಗಿರಲಿಲ್ಲ.

ಗಣರಾಜ್ಯ ಚಿಂತನೆ ಒತ್ತಿ ಹೇಳುವುದು ಕೊಡುಗೆಗೂ ಹಕ್ಕಿಗೂ ಇರುವ ಈ ವ್ಯತ್ಯಾಸವನ್ನೇ. ಕೊಟ್ಟದ್ದನ್ನು ಮನಬಂದಾಗ ಕಸಿದುಕೊಳ್ಳಬಲ್ಲ ದೊರೆಯ ಕೆಳಗಿರುವವನು ಎಷ್ಟೇ ಸುಖವಾಗಿರಲಿ, ಸ್ವತಂತ್ರನಲ್ಲ. ಒಳ್ಳೆಯ ಒಡೆಯ ಸಿಗುವುದಲ್ಲ, ಒಡೆಯನೇ ಇಲ್ಲದಿರುವುದು ಸ್ವಾತಂತ್ರ್ಯವೆಂದು ರೋಮಿನ ಸಿಸೆರೊ ವಾದಿಸಿದ್ದ. ಇತ್ತೀಚೆಗೆ ರಾಜಕೀಯ ಚಿಂತಕ ಫಿಲಿಪ್ ಪೆಟಿಟ್ ಅದನ್ನೇ ವಿಸ್ತರಿಸಿದ್ದಾರೆ.

ಇದೇ ಬಜಾರಿನಿಂದ ಒಡೆಯರಿಗೆ ಎದುರು ನಿಂತವರೂ ಬಂದರು. 1857ರ ಜುಲೈ 17ರಂದು ಹೈದರಾಬಾದಿನ ಬ್ರಿಟಿಷ್ ರೆಸಿಡೆನ್ಸಿಯ ಮೇಲೆ ನುಗ್ಗಿದವರ ಮುಂದಾಳು ತುರ್ರೆಬಾಜ್ ಖಾನ್ ಬೇಗಂ ಬಜಾರಿನವನು. ಅದು ಜನರ ಆಳ್ವಿಕೆಗಾಗಿ ನಡೆದ ಹೋರಾಟವಲ್ಲ. ಆದರೂ ರಾಜ್ಯದ ವಿಷಯ ದರ್ಬಾರಿಗಷ್ಟೇ ಸೇರಿದ್ದೆಂದು ಸಾಮಾನ್ಯ ಸಿಪಾಯಿಯೊಬ್ಬ ಒಪ್ಪಲಿಲ್ಲ ಎಂಬುದು ದೊಡ್ಡ ಸಂಗತಿ. 1859ರಲ್ಲಿ ಅವನನ್ನು ಕೊಂದರು.

ಮುಂದಿನ ಶತಮಾನದಲ್ಲಿ ರಾಜಕೀಯ ಚಟುವಟಿಕೆಯ ಮೇಲಿನ ನಿರ್ಬಂಧಗಳು ಬಿಗಿಯಾದವು. ಅಪ್ಪಣೆಯಿಲ್ಲದೆ ಸಭೆ ಸೇರುವಂತಿರಲಿಲ್ಲ. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಹುಟ್ಟುವ ಮೊದಲೇ ನಿಷೇಧಿಸಲಾಯಿತು. ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಾಮಾನಂದ ತೀರ್ಥರು ಇದರ ವಿರುದ್ಧ ಸತ್ಯಾಗ್ರಹ ಮಾಡಿ ಜೈಲು ಸೇರಿದರು. ಸುಧಾರಣೆಗಾಗಿ 1937ರಲ್ಲಿ ನೇಮಿಸಿದ ಅರವಮುದು ಅಯ್ಯಂಗಾರ್ ಸಮಿತಿ, ದೊರೆಯೇ ಪ್ರಜೆಗಳ ನೇರ ಪ್ರತಿನಿಧಿ ಎಂಬ ತತ್ತ್ವವನ್ನು ಮುಂದಿಟ್ಟಿತು. ಮಂತ್ರಿಗಳು ಶಾಸನಸಭೆಗೆ ಉತ್ತರ ಕೊಡಬೇಕಾಗಿಲ್ಲವೆಂಬುದಕ್ಕೆ ಅದೇ ಆಧಾರ. 1939ರ ಸುಧಾರಣೆಗಳು ಪ್ರಾತಿನಿಧ್ಯವನ್ನು ಕೃಷಿ, ವ್ಯಾಪಾರ, ವಕೀಲಿಯಂಥ ವೃತ್ತಿವರ್ಗಗಳಿಗೆ ಹಂಚಿದವು. ಬಜಾರಿನ ಅಂಗಡಿಯವನಿಗೆ ದನಿ ಸಿಕ್ಕರೂ ಅದು ವರ್ತಕನೆಂಬ ಕಾರಣಕ್ಕೆ, ನಾಗರಿಕನೆಂಬ ಕಾರಣಕ್ಕಲ್ಲ. ಆ ಸುಧಾರಣೆಯ ಮೂಲದೋಷ ಇದೇ.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1950ರ ಜನವರಿ 26ರಂದು ಭಾರತ ಗಣರಾಜ್ಯವಾದಾಗ ಅದೇ ನಿಜಾಮರು ರಾಜಪ್ರಮುಖರು, ಅಂದರೆ ರಾಜ್ಯದ ಸಾಂವಿಧಾನಿಕ ಮುಖ್ಯಸ್ಥರು, ಆದರು. ಪದವಿ ಉಳಿಯಿತು, ಆದರೆ ಅದು ಸಂವಿಧಾನಕ್ಕೆ ಅಧೀನವಾಗಿತ್ತು. ರಾಜಕೀಯದಲ್ಲಿ ವ್ಯಕ್ತಿಭಕ್ತಿ ಸರ್ವಾಧಿಕಾರಕ್ಕೆ ದಾರಿಯೆಂದು ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದು ಹೈದರಾಬಾದಿನಂಥ ಸಂಸ್ಥಾನಕ್ಕೆ ಹೆಚ್ಚು ಅನ್ವಯಿಸುತ್ತಿತ್ತು. ಕೊಡುಗೆಗೆ ಕೃತಜ್ಞರಾಗಿರುವುದೇ ಧರ್ಮವೆಂದು ತಲೆಮಾರುಗಳಿಂದ ಕಲಿತ ಜನ ಲೆಕ್ಕ ಕೇಳುವುದನ್ನು ಹೊಸದಾಗಿ ಕಲಿಯಬೇಕಿತ್ತು.

ವಯಸ್ಕ ಮತಾಧಿಕಾರದ ಮೊದಲ ಚುನಾವಣೆಯಲ್ಲಿ ಸಾಲ ಕೊಟ್ಟ ಸಾಹುಕಾರನಿಗೂ ಮೂಟೆ ಹೊರುವ ಹಮಾಲಿಗೂ ಒಂದೊಂದೇ ಮತವಿತ್ತು. ಅದರಿಂದ ಆರಿಸಿಬಂದು 1952ರಲ್ಲಿ ಕೂಡಿದ ಹೈದರಾಬಾದ್ ಶಾಸನಸಭೆಯಲ್ಲಿ ರಾಯಚೂರು, ಗುಲ್ಬರ್ಗಾ, ಬೀದರ್ ಜಿಲ್ಲೆಗಳ ಕನ್ನಡಿಗರೂ ಇದ್ದರು. ಅಯ್ಯಂಗಾರ್ ಸಮಿತಿಯ ಸದಸ್ಯರಾಗಿದ್ದ ಕಾಶೀನಾಥರಾವ್ ವೈದ್ಯರು ಅದರ ಸ್ಪೀಕರ್ ಆದರು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದ ಜೊತೆಗೆ ರಾಜಪ್ರಮುಖ ಪದವಿಯೂ ಕೊನೆಗೊಂಡಿತು.